ನಾಯಿ ತೊಳೆದ ಕೈ

ಚಿನ್ನು, ಪುಟ್ಟು, ಇಬ್ಬರೂ ಕೂತು ಓದಿ. ಮನೆಯಲ್ಲಿ ಕರೆಯುವ ಹೆಸರಿನಿಂದ ನಿಮ್ಮನ್ನು ಕರೆದಿದ್ದೇನೆ. ಉಳಿದ ಯಾರ ಹೆಸರನ್ನೂ ಬರೆಯುವುದಿಲ್ಲ. ಅವರಲ್ಲಿ ಕೆಲವರು ಸವಳಂಗದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ನನಗೆ ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ. ಮನೆಗೆ ಬಂದ ಮೇಲೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ನೀರಿನ ಚೊಂಬು ಇಟ್ಟು ಒಳಗೆ ಹೋಗಿಬಿಡುವವಳು ನಾನು. ಜಗಳೂರು ಕಡೆಯ ನನ್ನ ತವರೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಬಾಯಲ್ಲಿ ಹೇಳಲಾಗದೇ ಹೋದದ್ದನ್ನು ಆ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಪುಟ್ಟು, ನಿಮ್ಮಜ್ಜನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲವಲ್ಲ, ಅವು ಶತ್ರುವಿನ ಗುಂಡಿಗೆ ಹೋದವು ಎಂದು ನೀನು ಶಾಲೆಯ ಭಾಷಣದಲ್ಲಿ ಹೇಳಿ ಪೆನ್ನಿನ ಡಬ್ಬಿ ಬಹುಮಾನ ತಂದೆ. ಅದು ನಿನ್ನ ತಪ್ಪಲ್ಲ. ಊರೆಲ್ಲ ಹಾಗೇ ನಂಬಿತ್ತು. ಅದು ಗುಂಡಲ್ಲ ಮಗಾ. ನಾಯಿ.

ಅಜ್ಜ ಮಿಲಿಟರಿಯಲ್ಲಿ ಎಷ್ಟೋ ವರ್ಷ ಹಿಮದಲ್ಲಿ ನಿಂತರು, ಮರಳಲ್ಲಿ ನಿಂತರು. ಅದರ ಬಗ್ಗೆ ಒಂದು ದಿನವೂ ಗೊಣಗಿದವರಲ್ಲ. ಜೊತೆಯವರನ್ನು ನೆನೆಸಿಕೊಂಡು ಊಟಕ್ಕೆ ಕೂತಾಗ ನಗುತ್ತಿದ್ದರು. ಆದರೆ ನಡುವೆ ಒಂದೂವರೆ ವರ್ಷ ಅವರನ್ನು ಒಬ್ಬ ಸಾಹೇಬರ ಮನೆಗೆ ಹಾಕಿದರು. ಸಾಹೇಬರ ಬೂಟಿಗೆ ಪಾಲಿಶ್ ಹಾಕುವುದು, ಬಟ್ಟೆಗೆ ಇಸ್ತ್ರಿ ಮಾಡುವುದು, ತರಕಾರಿ ತರುವುದು, ನಾಯಿಯನ್ನು ತಿರುಗಾಡಿಸಿಕೊಂಡು ಬರುವುದು. ಬಂದೂಕು ಹಿಡಿಯಲು ಕಲಿಸಿಕೊಂಡ ಮನುಷ್ಯ ನಾಯಿಯ ಸರಪಣಿ ಹಿಡಿದು ಬೆಳಿಗ್ಗೆ ಸಂಜೆ ನಡೆದರು. ದಿನವೂ ಹಾಜರಿ ಕೂಗುವಾಗ ಅವರ ನಂಬರಿಗೆ ಡ್ಯೂಟಿ ಎಂದೇ ಹೇಳುತ್ತಿದ್ದರಂತೆ.

ಒಂದು ದಿನ ಆ ಮನೆಯಲ್ಲಿ ಮಗಳ ಹುಟ್ಟುಹಬ್ಬ. ನೆಂಟರು ಬರುತ್ತಾರೆ, ನಾಯಿ ವಾಸನೆ ಬರುತ್ತಿದೆ, ತೊಳಿ ಎಂದು ಮೇಡಮ್ಮನವರು ಹೇಳಿದರು. ಸೋಪಿನ ನೀರು ಕಿವಿಯೊಳಗೆ ಹೋಯಿತೋ ಏನೋ, ನಾಯಿ ತಿರುಗಿ ಎಡಗೈ ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ಬಿಡಿಸಿಕೊಂಡು ಆಸ್ಪತ್ರೆಗೆ ಹೋಗುತ್ತೇನೆ ಎಂದಾಗ ಆಕೆ, ‘ಅರಿಶಿನ ಹಾಕಿ ಬಟ್ಟೆ ಕಟ್ಟಿಕೋ, ಊಟ ಬಡಿಸಿದ ಮೇಲೆ ಹೋಗು’ ಎಂದರಂತೆ. ಆ ಕೈಯಲ್ಲೇ ತಟ್ಟೆ ಹೊತ್ತರು. ಪೂರಿ ಬಡಿಸಿದರು. ಕಟ್ಟಿದ ಬಟ್ಟೆ ಕೆಂಪಾದದ್ದನ್ನು ನೋಡಿ ಒಬ್ಬ ನೆಂಟರು ಮುಖ ಕಿವಿಚಿ, ಇವನ ಕೈಯಿಂದ ಪೂರಿ ಬೇಡ ಎಂದರು. ಆಗ ಒಳಗೆ ಕಳಿಸಿದರು, ಪಾತ್ರೆ ತೊಳೆಯುವುದಕ್ಕೆ. ಆಸ್ಪತ್ರೆಗೆ ಹೋದದ್ದು ಮರುದಿನ. ಅಷ್ಟರಲ್ಲಿ ನಂಜು ಏರಿತ್ತು. ಹದಿನೈದು ದಿನ ನೋಡಿ ಉಂಗುರದ ಬೆರಳು, ಕಿರುಬೆರಳು ಎರಡನ್ನೂ ತೆಗೆದರು.

ಆಮೇಲೆ ವಿಚಾರಣೆ ಎಂದು ಒಂದು ಕಾಗದ ತಯಾರಾಯಿತು. ‘ಸದರಿ ಸಿಪಾಯಿ ಕರ್ತವ್ಯದ ಮೇಲಿರಲಿಲ್ಲ. ಬಿಡುವಿನ ವೇಳೆಯಲ್ಲಿ ಸ್ವಂತ ಇಚ್ಛೆಯಿಂದ ಸಾಕುನಾಯಿಯೊಂದಿಗೆ ಆಡುತ್ತಿದ್ದಾಗ ಗಾಯವಾಗಿದೆ.’ ಬರೆದವರು ಆ ಸಾಹೇಬರ ಜೊತೆಗಾರರೇ. ಅಜ್ಜ ಮೇಲಿನವರಿಗೆ ಎರಡು ಸಲ ಪತ್ರ ಹಾಕಿದರು. ಎರಡು ಸಲವೂ ಅದೇ ಉತ್ತರ. ಉಳಿದ ಸೇವೆಯನ್ನು ಎಂಟು ಬೆರಳಲ್ಲಿ ಮುಗಿಸಿದರು.

ರಜಕ್ಕೆ ಬಂದಾಗ ಬಸ್ಸಿಂದ ಇಳಿಯುವಾಗಲೇ ಊರಿನ ಹಿರಿಯರೊಬ್ಬರು ಬ್ಯಾಂಡೇಜು ನೋಡಿದರು.

‘ಏನಪ್ಪಾ, ಗುಂಡಾ?’

ಅಜ್ಜನ ತಲೆಯ ಮೇಲೆ ಟ್ರಂಕಿತ್ತು. ಬಾಯಿ ತೆರೆಯಲಿಲ್ಲ. ಅಷ್ಟೇ ಸಾಕಾಯಿತು. ಅವರು ಮನೆ ಮುಟ್ಟುವ ಮುಂಚೆ ಗುಂಡು ಮನೆ ಮುಟ್ಟಿತ್ತು. ಒಳಗೆ ಬಂದು ನನ್ನೊಬ್ಬಳಿಗೆ ನಿಜ ಹೇಳಿದರು. ಇವರೇ ಎಲ್ಲರಿಗೂ ಹೇಳಲಿ ಎಂದು ನಾನು ಸುಮ್ಮನಿದ್ದೆ. ಮುಚ್ಚಿಡುವುದೇನು, ಗುಂಡೇಟು ತಿಂದವನ ಹೆಂಡತಿ ಎಂದು ನಲ್ಲಿಯಲ್ಲಿ ನನ್ನ ಕೊಡಕ್ಕೆ ಮೊದಲ ಜಾಗ ಬಿಡುತ್ತಿದ್ದರು. ತುಂಬಿಕೊಂಡು ಬರುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೂ ನನಗೆ ಹೇಸಿಗೆಯಾಗುತ್ತದೆ.

ಅಲ್ಲಿಂದ ಶಾಲು ಶುರುವಾದವು. ಆಗಸ್ಟ್ ಹದಿನೈದಕ್ಕೊಂದು, ಜನವರಿಗೊಂದು, ಗಣಪತಿ ಕೂರಿಸಿದವರದೊಂದು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಬೆರಳಿಲ್ಲದ ಕೈ ಕಾಣುವ ಹಾಗೆ ನಿಲ್ಲಿಸಿ ಫೋಟೋ. ‘ಕೈ ಸ್ವಲ್ಪ ಮ್ಯಾಲೆತ್ರಿ’ ಎನ್ನುತ್ತಿದ್ದರು. ಅಜ್ಜ ಎತ್ತುತ್ತಿದ್ದರು. ಫೋಟೋಗಳನ್ನು ನಾನೇ ಒಂದು ಆಲ್ಬಮ್ಮಿಗೆ ಅಂಟಿಸಿದೆ.

ರಿಟೈರಾಗಿ ಬಂದ ಮೇಲೆ ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಹಗಲು ಕಾವಲಿಗೆ ಸೇರಿದರು. ಗೇಟಿನ ಹತ್ತಿರ ಕುರ್ಚಿ, ಕೈಯಲ್ಲೊಂದು ಬಿದಿರ ಕೋಲು. ಸೇರಿದ ತಿಂಗಳೇ ಅವರ ಫೋಟೋ ಇರುವ ನೌಕರರ ಕಾರ್ಡು ಮಾಡಿಕೊಟ್ಟರು. ಗೋಡೌನಿನಲ್ಲಿ ಒಂದು ಸಲ ಚೀಲ ಎತ್ತಲು ಕೈಜೋಡಿಸಿ ಜಾರಿ ಬಿದ್ದು ಕಾಲು ಉಳುಕಿದಾಗ ಮಂಡಿಯ ಗುಮಾಸ್ತರು ಓಡಿಬಂದು ಬಿದ್ದ ಹೊತ್ತು, ಬಿದ್ದ ಜಾಗ, ಎತ್ತುತ್ತಿದ್ದ ಚೀಲ ಎಲ್ಲ ಬರೆದುಕೊಂಡರಂತೆ.

‘ನೋಡೇ, ಬಂದೂಕು ಹಿಡಿದಾಗ ನಾನು ಕೆಲಸದೋನಲ್ಲ, ಕೋಲು ಹಿಡಿದಾಗ ಕೆಲಸದೋನು’ ಎಂದು ಅಜ್ಜ ಕಾಲಿಗೆ ಬಿಸಿನೀರು ಹಾಕಿಸಿಕೊಳ್ಳುತ್ತಾ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಇದನ್ನೆಲ್ಲ ಕೆದಕಿದ್ದು ನನ್ನ ತಮ್ಮ. ಅವನು ಜಗಳೂರಿನ ಕಡೆ ಗಾಳಿಯಂತ್ರ ನಿಲ್ಲಿಸುವ ಗುತ್ತಿಗೆದಾರನ ಹತ್ತಿರ ಕೂಲಿಗೆ ಹೋಗುತ್ತಿದ್ದ. ಒಂದು ದಿನ ಕೇಬಲ್ ಸುತ್ತಿದ ದೊಡ್ಡ ಮರದ ಉರುಳೆ ಅವನ ಬಲಗೈ ಮೇಲೆ ಹರಿಯಿತು. ಅವನಿಗೂ ಎರಡು ಬೆರಳು ಹೋದವು. ಗುಣವಾದ ಮೇಲೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಅಜ್ಜನ ಪಕ್ಕ ಕೂತ.

‘ಭಾವ, ನಿಮ್ಮದು ಎಡಗೈ, ನಂದು ಬಲಗೈ. ಇಬ್ರೂ ಕೂಡಿದ್ರೂ ಒಂದು ಚಪ್ಪಾಳೆಗೆ ಸಾಲಲ್ಲ.’

‘ನಿನ್ನ ಮುಖಕ್ಕೆ ಚಪ್ಪಾಳೆ ಬ್ಯಾರೆ ಕೇಡು’ ಎಂದರು ಅಜ್ಜ.

ಅವನು ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದ ತೆಗೆದ. ಕಾರ್ಮಿಕರ ಅರ್ಜಿ ನೋಡುವ ಕಚೇರಿಯಿಂದ ಬಂದ ಆದೇಶ. ಎಷ್ಟು ಕೊಟ್ಟರು ಎಂದು ನಾನು ಒಳಗಿನಿಂದ ಕೇಳಿದೆ. ಅಜ್ಜನಿಗೆ ಅದು ಬೇಕಿರಲಿಲ್ಲ. ಕನ್ನಡಕ ಹಾಕಿಕೊಂಡು ಒಂದು ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ‘ಕೆಲಸದ ಮೇಲಿದ್ದಾಗ, ಕೆಲಸದ ಕಾರಣದಿಂದ ಉಂಟಾದ ಗಾಯ.’ ಮತ್ತೆ ಓದಿದರು. ಮೂರನೇ ಸಲ ಓದುವಾಗ ನನ್ನ ತಮ್ಮ, ಬಾಗಿಲಿಗೆ ಬಂದು ನಿಂತಿದ್ದ ನನ್ನ ಮುಖ ನೋಡಿದ.

‘ಇಷ್ಟು ಬರೆದುಕೊಟ್ರೆ ಸಾಕು ನಂಗೆ’ ಎಂದರು ಅಜ್ಜ.

ಚಿನ್ನು, ಪುಟ್ಟು, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ದುಡ್ಡಿಗಾಗಿ ಅಲ್ಲ. ಪೆನ್ಷನ್ ಬರುತ್ತಿತ್ತು, ಮಂಡಿ ಸಂಬಳವೂ ಬರುತ್ತಿತ್ತು. ಅವರಿಗೆ ಬೇಕಿದ್ದದ್ದು ಆ ಒಂದು ಸಾಲು. ನಾಯಿ ಜೊತೆ ಆಡಲು ಹೋಗಿ ಬೆರಳು ಕಳೆದುಕೊಂಡ ಸೋಮಾರಿ ಎಂದು ಸರ್ಕಾರದ ಕಾಗದದಲ್ಲಿತ್ತು. ಗುಂಡು ತಿಂದ ವೀರ ಎಂದು ಊರಿನ ಬಾಯಲ್ಲಿತ್ತು. ಎರಡೂ ಅವರಲ್ಲ. ಕೆಲಸಕ್ಕೆ ಹಾಕಿದರು, ಮಾಡಿದರು, ಮಾಡುವಾಗ ಪೆಟ್ಟಾಯಿತು. ಅಷ್ಟನ್ನು ಯಾರಾದರೂ ಬರೆದು ಸೀಲು ಒತ್ತಬೇಕಿತ್ತು.

ಹೊನ್ನಾಳಿಯಲ್ಲಿ ಒಬ್ಬ ವಕೀಲರ ಹತ್ತಿರ ಹೋದೆವು. ನಾನೂ ಹೋದೆ, ಬೆಂಚಿನ ತುದಿಯಲ್ಲಿ ಕೂತೆ. ಅವರು ಒಳ್ಳೆಯವರೇ. ‘ಹಳೇದಾಗೈತಿ ಯಜಮಾನ್ರೇ. ಅದೂ ಅಲ್ದೆ ಮಿಲಿಟ್ರಿಯೋರಿಗೆ ಅವರದೇ ಬ್ಯಾರೆ ಕಾಯ್ದೆ. ನಿಲ್ಲೋದು ಕಷ್ಟ. ಅರ್ಜಿ ಕೊಡಾಕೆ ಬ್ಯಾಡ ಅನ್ನಲ್ಲ. ನಿಮ್ಮ ಹತ್ರ ಏನೇನು ಪುರಾವೆ ಐತೋ ಎಲ್ಲಾ ತಗೊಂಡು ಹೋಗ್ರಿ’ ಎಂದು ಅರ್ಜಿ ಬರೆದುಕೊಟ್ಟರು.

ಪುರಾವೆ ಎಂದರೆ ನಮಗೆ ಏನು ಗೊತ್ತು? ಆ ವಿಚಾರಣೆಯ ಕಾಗದ ಒಂದಿತ್ತು. ಅದು ನಮ್ಮ ವಿರುದ್ಧವೇ ಇತ್ತು. ಅದರ ಜೊತೆಗೆ ಆಲ್ಬಮ್ ಇಟ್ಟುಕೊಂಡೆವು. ನಾನೇ ಹೇಳಿದೆ, ‘ಇಷ್ಟು ಜನ ಶಾಲು ಹೊದಿಸಿದಾರಲ್ರೀ, ಇದನ್ನ ನೋಡಿದ್ರೆ ಅವರಿಗೂ ನಂಬಿಕೆ ಬರ್ತೈತೆ.’ ನನ್ನ ಬುದ್ಧಿಗೆ ಏನೆನ್ನಬೇಕು.

ಆ ಕಾರ್ಮಿಕರ ಕಚೇರಿ ಯಾವ ಊರಿನದೆಂದು ಬರೆಯುವುದಿಲ್ಲ. ಒಳಗೆ ಹೋದ ಕೂಡಲೇ ಅಲ್ಲಿಯ ಸಾಹೇಬರು ಎದ್ದು ನಿಂತರು.

‘ಕೂತ್ಕೊಳ್ರಿ, ಫೌಜಿನೋರು ನಿಂತ್ಕೋಬಾರ್ದು. ಬೆರಳು ಗಡಿಯಾಗೆ ಹೋದ್ವಾ?’

‘ಇಲ್ಲ ಸಾರ್. ಸಾಹೇಬರ ಮನೇಲಿ. ನಾಯಿ ತೊಳೆಯೋವಾಗ.’

ಅಷ್ಟು ಜನರ ಮುಂದೆ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಿವಿ ಕೆಂಪಗಾಗಿತ್ತು. ಪಕ್ಕದ ಟೇಬಲ್ಲಿನ ಗುಮಾಸ್ತ ಬಾಯಿಗೆ ಕರವಸ್ತ್ರ ಹಿಡಿದುಕೊಂಡ. ಸಾಹೇಬರು ಅರ್ಜಿ ಓದಿದರು. ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆಸಿ ನಮ್ಮ ಕಡೆ ತಿರುಗಿಸಿದರು.

‘ನೋಡ್ರಿ, ಕಾರ್ಮಿಕ ಅಂದ್ರೆ ಯಾರು ಅಂತ ಇಲ್ಲಿ ಬರೆದೈತೆ. ಸೈನ್ಯದಾಗೆ ಇರೋರನ್ನ ಕೈಬಿಟ್ಟಾರೆ. ನಂಗೇನೂ ಮಾಡಾಕೆ ಬರಲ್ಲ.’

‘ಹಂಗಾರೆ ಮನೆಗೆಲಸದೋನು ಅಂತ ಹಾಕ್ರಿ ಸಾರ್. ಮಾಡಿದ್ದು ಅದೇ ಕೆಲಸ.’

‘ಸಂಬಳ ಯಾರು ಕೊಡ್ತಿದ್ರು?’

‘ಸರ್ಕಾರ.’

‘ಮತ್ತೆ? ನೀವು ಸೈನಿಕರು. ಮನೆಗೆಲಸದೋರು ಹೆಂಗಾಗ್ತೀರಿ?’

ಅಜ್ಜ ಆ ಪುಸ್ತಕವನ್ನು ಅವರ ಕಡೆಗೇ ತಿರುಗಿಸಿದರು. ‘ಅಲ್ಲಿನೋರು ಅದು ಸೈನಿಕನ ಕೆಲಸ ಅಲ್ಲ ಅಂದ್ರು. ನೀವು ಸೈನಿಕ ಕೆಲಸಗಾರ ಅಲ್ಲ ಅಂತೀರಿ. ಹಂಗಾರೆ ಆ ನಾಯಿ ತೊಳೆದೋನು ಯಾರು ಸಾರ್?’

ಸಾಹೇಬರು ಟೇಬಲ್ಲಿನ ಮೇಲಿದ್ದ ಆಲ್ಬಮ್ ಎಳೆದುಕೊಂಡರು. ಒಂದೊಂದೇ ಪುಟ ತಿರುಗಿಸಿದರು. ಮುಖ ಅರಳುತ್ತಾ ಬಂತು. ‘ಅಬ್ಬಬ್ಬಾ, ಇಷ್ಟು ಸನ್ಮಾನಾನಾ! ಇಂಥೋರು ನಮ್ಮ ಆಫೀಸಿಗೆ ಬಂದು ಬರಿಗೈಯಾಗೆ ಹೋಗಬಾರ್ದು.’ ಗುಮಾಸ್ತನಿಗೆ ಏನೋ ಸನ್ನೆ ಮಾಡಿದರು. ಅವನು ಬೀರು ತೆಗೆದು, ಯಾರದೋ ಬೀಳ್ಕೊಡುಗೆಯಲ್ಲಿ ಉಳಿದಿದ್ದ ಶಾಲು ತಂದ. ಅಂಚಿನಲ್ಲಿ ಬಜ್ಜಿಯ ಎಣ್ಣೆ ಕಲೆ. ಅದನ್ನು ಒಳಗೆ ಮಡಚಿ ಅಜ್ಜನ ಹೆಗಲಿಗೆ ಹಾಕಿದರು. ಕಚೇರಿಯವರೆಲ್ಲ ಎದ್ದು ಬಂದು ಹಿಂದೆ ನಿಂತರು. ಅಜ್ಜನ ಎಡಗೈಯನ್ನು ಸಾಹೇಬರೇ ಹಿಡಿದು ಮೇಲೆತ್ತಿದರು. ಮೊಬೈಲಿನಲ್ಲಿ ಫೋಟೋ ತೆಗೆದರು.

ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು, ‘ಆ ನಾಯಿ ವಿಷಯ ಹೊರಗೆ ಹೇಳಬ್ಯಾಡ್ರಿ. ಯೋಧರ ಮರ್ಯಾದಿಗೆ ಚೆಂದ ಅಲ್ಲ.’

ಬಸ್ಸಿನಲ್ಲಿ ಆ ಶಾಲಿನ ನುಸಿಗುಳಿಗೆ ವಾಸನೆ, ಎಣ್ಣೆ ವಾಸನೆ ಮೂಗಿಗೆ ಬಡಿದು ನ್ಯಾಮತಿ ಬರುವ ಮುಂಚೆ ಕಿಟಕಿಯಿಂದ ವಾಂತಿ ಮಾಡಿಕೊಂಡೆ. ಅಜ್ಜ ಬಾಯಿ ಒರೆಸಿಕೊ ಎಂದು ಆ ಶಾಲನ್ನೇ ಕೊಟ್ಟರು. ನಾನು ಸೆರಗಿನಲ್ಲಿ ಒರೆಸಿಕೊಂಡೆ. ಮನೆಗೆ ಬಂದ ಮೇಲೆ ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ನಮ್ಮ ಜಗಲಿಯ ಮೂಲೆಯಲ್ಲಿ ಮಲಗುತ್ತಿದ್ದ ಬೀದಿನಾಯಿಗೆ ಹಾಸಿದರು. ನಾಯಿಗಳ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ. ‘ಅದೇನು ಮಾಡೀತು, ಕಿವಿಗೆ ಸೋಪು ಹೋಗಿತ್ತು’ ಎನ್ನುತ್ತಿದ್ದರು.

ಮರುದಿನ ಊರವರ ಮೊಬೈಲಿಗೆಲ್ಲ ಆ ಫೋಟೋ ಬಂತು. ಕಾರ್ಮಿಕರ ಕಚೇರಿಯಲ್ಲಿ ವೀರ ಯೋಧನಿಗೆ ಗೌರವ ಎಂದು ಕೆಳಗೆ ಬರೆದಿತ್ತು. ಅರ್ಜಿ ತಳ್ಳಿಹಾಕಿದ ಕಾಗದ ಒಂದು ತಿಂಗಳ ನಂತರ ಬಂತು. ಅದರ ಫೋಟೋ ಯಾರೂ ಹಾಕಲಿಲ್ಲ.

ಅದೇ ವರ್ಷದ ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ ಎಂದಿನಂತೆ ಕುರ್ಚಿ ಹಾಕಿದರು. ನೀವಿಬ್ಬರೂ ಆಗಿನ್ನೂ ತೀರಾ ಚಿಕ್ಕವರು. ಊರಿನ ಮುಖಂಡರು ಮೈಕು ಹಿಡಿದು, ‘ಶತ್ರುವಿನ ಗುಂಡಿಗೆ ಎರಡು ಬೆರಳು ಕೊಟ್ಟ ನಮ್ಮೂರ ಹುಲಿ’ ಎಂದರು. ಅಜ್ಜ ಎದ್ದು ಹೋಗಿ ಮೈಕಿಗೆ ಕೈ ಚಾಚಿದರು. ಎಷ್ಟೋ ವರ್ಷದಲ್ಲಿ ಒಂದು ಸಲವೂ ಮಾತಾಡದವರು ಮಾತಾಡುತ್ತಾರೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೆಂಗಸರ ಸಾಲಿನ ಹಿಂದೆ ನಿಂತಿದ್ದೆ. ನನಗೆ ಗೊತ್ತಾಯಿತು.

‘ಗುಂಡಲ್ಲ’ ಎಂದರು. ‘ನಾಯಿ ಕಚ್ಚಿದ್ದು. ಸಾಹೇಬರ ನಾಯಿ ತೊಳೆಯಾಕೆ ನನ್ನ ಹಾಕಿದ್ರು. ಆವತ್ತು ಅದೇ ನನ್ನ ಡ್ಯೂಟಿ. ಡ್ಯೂಟಿ ಮೇಲೇ ಇದ್ದೆ. ಇಷ್ಟು ದಿನ ನಾನು ಹೇಳದೇ ಇದ್ದಿದ್ದು ನನ್ನ ತಪ್ಪು.’

ಕುರ್ಚಿಗೆ ವಾಪಸ್ಸು ಬಂದು ಕೂತರು. ಆಮೇಲೆ ಹಿಂದಿನಿಂದ, ಮೀಸೆ ಬಂದು ಮಕ್ಕಳಾದ ಗಂಡಸೊಬ್ಬ, ಬೌ ಬೌ ಎಂದ. ನಗು ಹರಡಿತು. ಮುಖಂಡರು ಮೈಕು ತೆಗೆದುಕೊಂಡು, ‘ನಮ್ಮ ಮಿಲಿಟ್ರಿಯೋರು ಭಾಳ ತಮಾಷೆ ಮನುಷ್ಯರು’ ಎಂದು ಶಾಲು ಹೊದಿಸಿಯೇ ಬಿಟ್ಟರು. ಹಣ್ಣಿನ ಬುಟ್ಟಿಯಲ್ಲಿ ಬಾಳೆಹಣ್ಣು ಕೊಳೆತಿದ್ದವು.

ನಲ್ಲಿಯ ಹತ್ತಿರ ಒಬ್ಬಾಕೆ ಕೇಳಿದಳು, ‘ಯಾಕಕ್ಕಾ ಹಂಗಂದ್ರು ನಿಮ್ಮ ಯಜಮಾನ್ರು? ಗುಂಡು ಅಂತ ಇದ್ದಿದ್ರೆ ಯಾರ ಗಂಟು ಹೋಗ್ತಿತ್ತು?’ ನಾನು ಎಂದಿನಂತೆ ತಲೆ ತಗ್ಗಿಸಿ ಕೊಡ ಎತ್ತಿದೆ. ಆವತ್ತು ನನ್ನ ಸರದಿ ಬರುವವರೆಗೆ ಕಾಯಬೇಕಾಯಿತು. ಕಾದು ತಂದ ನೀರು ರುಚಿಯಾಗಿತ್ತು.

ಮುಂದಿನ ವರ್ಷದಿಂದ ಶಾಲು ಬರಲಿಲ್ಲ. ಅಜ್ಜ ದಿನವೂ ಚನ್ನಗಿರಿಗೆ ಹೋಗಿ ಬರುತ್ತಿದ್ದರು. ಆ ನೌಕರರ ಕಾರ್ಡನ್ನು ಅಂಗಿಯ ಮೇಲೆ ಕಾಣುವಂತೆ ತೂಗಿಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಎದೆನೋವು ಬಂದ ದಿನವೂ ಅದು ಕೊರಳಲ್ಲೇ ಇತ್ತು. ಆಸ್ಪತ್ರೆಯವರು ತೆಗೆದು ನನ್ನ ಕೈಗೆ ಕೊಟ್ಟರು.

ಅವರು ಹೋದ ಮೇಲೆ ಊರಿಗೆ ಮತ್ತೆ ಗುಂಡು ನೆನಪಾಯಿತು. ಸತ್ತವರು ಎದ್ದು ಮೈಕು ಕೇಳುವುದಿಲ್ಲವಲ್ಲ. ಹೋದ ತಿಂಗಳು ಶಾಲೆಯಲ್ಲಿ ಅವರ ದೊಡ್ಡ ಫೋಟೋ ಹಾಕುತ್ತೇವೆ, ನೀವೇ ಬಂದು ಪರದೆ ಸರಿಸಬೇಕು ಎಂದು ಕರೆದರು. ಸ್ವಲ್ಪ ಮುಂಚೆಯೇ ಹೋದೆ. ಫೋಟೋ ಇನ್ನೂ ಟೇಬಲ್ಲಿನ ಮೇಲಿತ್ತು, ಚೆಂಡು ಹೂವಿನ ಹಾರ ಹಾಕಿದ್ದರು. ಕೆಳಗೆ ಬಂಗಾರದ ಬಣ್ಣದಲ್ಲಿ ಶತ್ರುವಿನ ಗುಂಡು, ರಕ್ತ, ತ್ಯಾಗ ಎಂದೆಲ್ಲ ಬರೆಸಿದ್ದರು.

ಅದೇ ಮುಖಂಡರು ಅಲ್ಲೇ ಇದ್ದರು. ನಾನೇ ಅವರ ಹತ್ತಿರ ಹೋಗಿ ಕೇಳಿದೆ. ‘ಇದನ್ನ ಅಳಿಸಿ, ಕೆಲಸದ ಮೇಲಿದ್ದಾಗ ಗಾಯ ಆಯ್ತು ಅಂತ ಬರೆಸ್ರಿ.’

‘ನಾಯಿ ಅಂತ ಬರೆಸಾಕಾಗ್ತೈತಾ ಅಮ್ಮಾ? ಮಕ್ಕಳು ನಗಲ್ವಾ?’

‘ನಾಯಿ ಬ್ಯಾಡ. ಕೆಲಸ ಅಂತ ಬರೆಸ್ರಿ, ಸಾಕು.’

‘ಅದು ಕೂಲಿಯೋರಿಗೆ ಬರೆಯೋದಮ್ಮ. ಯೋಧರಿಗೆ ಹಂಗೆ ಬರೆದ್ರೆ ಮರ್ಯಾದಿ ಇರ್ತೈತಾ?’

ನಾನು ಹಾರ ತೆಗೆದು ಟೇಬಲ್ಲಿನ ಮೇಲಿಟ್ಟೆ. ಫೋಟೋ ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ, ಕೊಡ ಇಟ್ಟುಕೊಳ್ಳುವ ಹಾಗೆ. ಭಾರವಿತ್ತು. ‘ಅಮ್ಮಾ, ಅಮ್ಮಾ’ ಎಂದು ಹಿಂದೆ ಬಂದರು. ತಿರುಗಲಿಲ್ಲ. ತಿರುಗಿದ್ದರೆ ನಾನು ಮತ್ತೆ ಕೈಮುಗಿದುಬಿಡುತ್ತಿದ್ದೆ, ನನ್ನ ಸ್ವಭಾವ ನನಗೆ ಗೊತ್ತು. ಬಂಗಾರದ ಅಕ್ಷರ ಇದ್ದ ಪಟ್ಟಿಯನ್ನು ಮನೆಯಲ್ಲಿ ಚಾಕುವಿನಿಂದ ಕೆರೆದು ತೆಗೆದೆ. ಈಗ ನಡುಮನೆಯಲ್ಲಿ ನೀವು ನೋಡುವ ಫೋಟೋ ಅದೇ.

ಚಿನ್ನು, ನೀನು ಮಿಲಿಟರಿ ಸೇರಬೇಕೆಂದು ದಿನಾ ಬೆಳಿಗ್ಗೆ ಸವಳಂಗದ ರಸ್ತೆಯಲ್ಲಿ ಓಡುತ್ತೀಯ. ನಾನು ತಡೆಯುವುದಿಲ್ಲ. ಅಜ್ಜನೂ ತಡೆಯುತ್ತಿರಲಿಲ್ಲ, ಬೂಟಿನ ದಾರ ಹೇಗೆ ಕಟ್ಟಬೇಕೆಂದು ತೋರಿಸುತ್ತಿದ್ದರು. ಆದರೆ ಯಾರಾದರೂ ನಿನ್ನ ಕೈಗೆ ಅವರ ಮನೆಯ ನಾಯಿಯ ಸರಪಣಿ ಕೊಟ್ಟರೆ, ಇದು ನನ್ನ ಕೆಲಸವೋ ಅಲ್ಲವೋ ಎಂದು ಕೇಳಿ ಬರೆಸಿಕೊಂಡು ಆಮೇಲೆ ಹಿಡಿ. ಮೇಲೆ ಶಾಲು ಹೊದಿಸಿ ಕೆಳಗೆ ಕಾಗದ ಕಸಿಯುವವರ ಮುಂದೆ ಕೈ ಮೇಲೆತ್ತಬೇಡ.

ಯಾವ ಕಚೇರಿಯೂ ಬರೆದುಕೊಡದ ಸಾಲನ್ನು ಏಳನೇ ಕ್ಲಾಸು ಓದಿದ ನಾನು ಬರೆಯುತ್ತೇನೆ. ನನ್ನ ಹತ್ತಿರ ಸೀಲಿಲ್ಲ. ನಿಮ್ಮಜ್ಜನ ಎರಡು ಬೆರಳು ಹೋದದ್ದು ಅವರು ಕೆಲಸದ ಮೇಲಿದ್ದಾಗ, ಕೆಲಸದ ಕಾರಣದಿಂದ. ಇದು ನಿಜ. ಕೆಳಗೆ ನನ್ನ ಸಹಿ ಹಾಕಿದ್ದೇನೆ.

ಟ್ರಂಕಿನಲ್ಲಿರುವ ಶಾಲುಗಳನ್ನು ಯಾರಿಗಾದರೂ ಕೊಡಿ, ನಾಯಿಗೆ ಬೇಕಾದರೂ ಹಾಸಿ. ಅವು ಖಾಲಿ ಮಾಡಿದ ಜಾಗದಲ್ಲಿ ಅಜ್ಜನ ಮಂಡಿ ಕಾರ್ಡನ್ನು ಇಟ್ಟು, ಅದರ ಮೇಲೆ ಈ ಹಾಳೆಗಳನ್ನು ಇಡಿ. ಹುಳ ಹಿಡಿಯದ ಹಾಗೆ ಬೇವಿನೆಲೆ ಹಾಕಿ. ಹಾಳು ಮಾಡಬೇಡಿ ಮಕ್ಕಳೇ, ಅವರಿಗೆ ಸಿಕ್ಕಿದ ಆದೇಶ ಇದೊಂದೇ.